ಬೆಂಕಿಪೊಟ್ಟಣದ ಬೀದಿ

ಸ್ಟಾಫ್ ರೂಮಿನಲ್ಲಿ ನನ್ನ ಬೆನ್ನ ಹಿಂದೆ ನನಗಿದ್ದ ಹೆಸರು ಸಿಐಡಿ ಮಿಸ್. ನನಗದು ಗೊತ್ತಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಗೊತ್ತಿಲ್ಲದೆ ಏನು! ಹೆಸರಿಟ್ಟ ಮಹಾನುಭಾವರು ಲೆಕ್ಕದ ಗೋಪಾಲ್ ಸಾರ್ ಎಂಬುದನ್ನೂ ನಾನು ಎರಡೇ ದಿನದಲ್ಲಿ ಪತ್ತೆ ಮಾಡಿದ್ದೆ.

ಕಾಮಾಕ್ಷಿಪಾಳ್ಯದ ಒಂದು ಪ್ರೈಮರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ನಿವೃತ್ತಳಾದವಳು ನಾನು. ಈಗ ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕೀರ್ತನಾ ಎಂಬ ಹುಡುಗಿಗೆ ಕೆಂಗೇರಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿದೆ. ಮೊನ್ನೆ ಕೆಳಗೆ ಬಂದು, "ಆಂಟಿ, ಮಕ್ಕಳು ಪ್ರಾಜೆಕ್ಟ್ ತರ್ತಾರಲ್ಲ, ಅವರೇ ಮಾಡಿದ್ದೋ ಮನೆಯವ್ರು ಮಾಡ್ಕೊಟ್ಟಿದ್ದೋ ಅಂತ ಹೆಂಗ್ ಕಂಡುಹಿಡಿಯೋದು?" ಎಂದು ಕೇಳಿದಳು. ಇಷ್ಟು ವರ್ಷಕ್ಕೆ ಯಾರೋ ನನ್ನ ವಿದ್ಯೆಯನ್ನು ಮರ್ಯಾದೆಯಿಂದ ಕೇಳಿದರಲ್ಲ ಅಂತ ಹಿಗ್ಗಿ ಅರ್ಧ ಗಂಟೆ ಹೇಳಿದೆ. ಅವಳು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡು ಹೋದಳು. ಆಮೇಲೆ ಊಟಕ್ಕೆ ಕೂತಾಗ ಹೊಳೆಯಿತು. ವಿದ್ಯೆಯನ್ನು ಅರ್ಧವಷ್ಟೇ ಹೇಳಿ ಕಳಿಸಿದ್ದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಡ್ರಾಯಿಂಗ್ ಪೀರಿಯಡ್ ಎಂದರೆ ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಐವತ್ತು ಮಕ್ಕಳು ಐವತ್ತು ಸಲ ಅದನ್ನೇ ಬರೆಯುತ್ತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಗುಡ್ಡ ಎಲ್ಲಿದೆ? ಬಾಗಿಲು ತೆಗೆದರೆ ಗಾರ್ಮೆಂಟ್ಸ್, ಕಿಟಕಿ ತೆಗೆದರೆ ಲೇಥ್ ಶೆಡ್ಡು. ಆ ಗುಡ್ಡಗಳನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಕೈಯಲ್ಲಿ ಮುಟ್ಟಿ, ಹರಿದು, ಅಂಟಿಸಿ, ಕಲಸಿ ಮಾಡುವಂಥದ್ದನ್ನು ಕಲಿಸಬೇಕು ಎಂದು ಹಟ ಹಿಡಿದೆ.

ನಮ್ಮ ಹೆಡ್ ಮಿಸ್ ವಿಮಲಮ್ಮನವರಿಗೆ ನನ್ನ ಹಟದ ಮೇಲೆ ಅನುಮಾನ. ಬೀರುವಿನಲ್ಲಿದ್ದ ಬಣ್ಣದ ಡಬ್ಬಿಗಳನ್ನು ವಾರಕ್ಕೊಮ್ಮೆ ಎತ್ತಿ ಅಲ್ಲಾಡಿಸಿ ನೋಡುತ್ತಿದ್ದರು.

"ನಾಗರತ್ನ, ಹಸಿರು ಬಣ್ಣ ಎಲ್ ಹೋಯ್ತು?"

"ಪೇಪರ್ ಮೇಲೆ ಹೋಯ್ತು ಮೇಡಂ."

"ಅಷ್ಟೂನಾ?"

"ಸ್ವಲ್ಪ ಮಕ್ಕಳ ಯೂನಿಫಾರಂ ಮೇಲೂ ಹೋಯ್ತು."

ಅವರು ಕೆಟ್ಟವರಲ್ಲ. ಒಂದನೇ ತರಗತಿಯ ಮಕ್ಕಳಿಗೆ ಜೂನ್ ತಿಂಗಳಲ್ಲಿ ಅಕ್ಷರ ತಿದ್ದಿಸುವ ಕೆಲಸವನ್ನು ನನಗೇ ಕೊಟ್ಟಿದ್ದರು. "ಡ್ರಾಯಿಂಗ್ ಮಿಸ್ ಕೈ ಹಿಡಿದು ತಿದ್ದಿಸಿದ್ರೆ ಗೆರೆ ಸರಿಯಾಗಿ ಬರುತ್ತೆ" ಎನ್ನುವುದು ಅವರ ಸಿದ್ಧಾಂತ. ಬೆತ್ತ ಮುಟ್ಟದೆ ಪುಟ್ಟ ಮಕ್ಕಳನ್ನು ದಾರಿಗೆ ತರುವ ಉಪಾಯಗಳು ಅವರ ಹತ್ತಿರ ರಾಶಿ ಇದ್ದವು. ಅಳುವ ಮಗುವಿಗೆ ಒಂದು, ಕಚ್ಚುವ ಮಗುವಿಗೆ ಒಂದು, ಎಡಗೈಯಲ್ಲಿ ಬರೆಯುವ ಮಗುವಿಗೆ ಇನ್ನೊಂದು. ಎಲ್ಲವನ್ನೂ ಅವರಿಂದಲೇ ಕಲಿತೆ, ಮೂವತ್ತು ವರ್ಷ ಬಳಸಿದೆ.

ಅನುಮಾನ ಪಡುವುದನ್ನೂ ಅವರಿಂದಲೇ ಕಲಿತೆನೋ, ಹುಟ್ಟಿನಿಂದ ಬಂದಿತ್ತೋ ಹೇಳಲಾರೆ. ಒಂದು ಸಲ ಪೇಪರು ನೆನೆಸಿ, ಮೈದಾ ಅಂಟು ಕಲಸಿ, ನಾಲ್ಕನೇ ತರಗತಿಯವರ ಹತ್ತಿರ ಮುಖವಾಡ ಮಾಡಿಸಿ ಸ್ಟೋರ್ ರೂಮಿನಲ್ಲಿ ಒಣಗಲು ಇಟ್ಟೆ. ಸೋಮವಾರ ಬಂದು ನೋಡಿದರೆ ಒಂದು ಬಿಟ್ಟು ಯಾವ ಮುಖವಾಡಕ್ಕೂ ಮೂಗೇ ಇಲ್ಲ! ಗೋಪಾಲ್ ಸಾರ್ ಕ್ಲಾಸಿನ ಐದನೇ ತರಗತಿಯ ಹುಡುಗರದೇ ಕಿತಾಪತಿ ಎಂದು ತೀರ್ಮಾನಿಸಿ, ಆರು ಜನರನ್ನು ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದೆ. ಇಬ್ಬರು ಹೆದರಿ ಒಪ್ಪಿಕೊಂಡೂ ಬಿಟ್ಟರು. ಮಾರನೆಯ ದಿನ ಸ್ಟೋರ್ ರೂಮಿನ ಬಾಗಿಲು ತೆಗೆದಾಗ ಹೆಗ್ಗಣವೊಂದು ಕೊನೆಯ ಮೂಗನ್ನು ತಿನ್ನುತ್ತಾ ಕೂತಿತ್ತು. ಮೈದಾ ಅಲ್ಲವೇ, ಅದಕ್ಕೆ ಹಬ್ಬದೂಟ.

"ಅನುಮಾನಂ ಪೆದ್ದ ರೋಗಂ ಅಂತಾರೆ ತೆಲುಗಲ್ಲಿ, ಅನುಮಾನ ದೊಡ್ಡ ಕಾಯಿಲೆ ನಾಗರತ್ನಮ್ಮ" ಎಂದರು ಗೋಪಾಲ್ ಸಾರ್. "ಆದ್ರೂ ನಿಮ್ ಕೆಪ್ಯಾಸಿಟಿ ಮೆಚ್ಚಬೇಕು. ತಿಂದಿದ್ದು ಹೆಗ್ಗಣ, ಒಪ್ಕೊಂಡಿದ್ದು ನಮ್ ಹುಡುಗ್ರು."

ಆಗಲೇ ಬುದ್ಧಿ ಬರಬೇಕಿತ್ತು. ಮೈದಾ ಅಂಟಿಗೆ ಬೇವಿನ ಸೊಪ್ಪಿನ ಕಷಾಯ ಹಾಕಬೇಕು ಎನ್ನುವುದನ್ನು ಮಾತ್ರ ಕಲಿತೆ.

ವರ್ಷಗಳು ಕಳೆದಂತೆ ಕಲಿಸುವ ರೀತಿ ಬದಲಾಯಿತು. "ಆ್ಯಕ್ಟಿವಿಟಿ" ಎಂಬ ಹೊಸ ಮಾತು ಬಂತು. ನಾನು ಹಟ ಹಿಡಿದು ಮಾಡಿಸುತ್ತಿದ್ದುದನ್ನೇ ಎಲ್ಲ ಶಾಲೆಯವರೂ ಮಾಡಿಸತೊಡಗಿದರು. ಖುಷಿ ಪಡಬೇಕಲ್ಲವೇ? ನನಗೆ ಅದರ ಮೇಲೂ ಗುಮಾನಿ. ಮಕ್ಕಳು ತರುವ ಪ್ರಾಜೆಕ್ಟುಗಳು ವರ್ಷವರ್ಷಕ್ಕೆ ಅಂದವಾಗುತ್ತಾ ಹೋದವು, ಅದೇ ಮಕ್ಕಳು ಕ್ಲಾಸಿನಲ್ಲಿ ಮಾಡುವುದು ಮಾತ್ರ ಹಾಗೇ ಇತ್ತು. ಮಾರೇನಹಳ್ಳಿಯ ಕಡೆ ಸ್ಟೇಷನರಿ ಅಂಗಡಿಯಲ್ಲಿ ಸೌರಮಂಡಲ, ಕೋಟೆ, ಮಳೆಕೊಯ್ಲಿನ ಮನೆ ಎಲ್ಲ ರೆಡಿಮೇಡ್ ತೂಗುಹಾಕಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಆಮೇಲೆ ಶುರುವಾಯಿತು ನನ್ನ ಪತ್ತೇದಾರಿಕೆ.

ಕೀರ್ತನಾ ಬರೆದುಕೊಂಡು ಹೋದ ಪರೀಕ್ಷೆಗಳು ಇವು. ಮೊದಲು ಗೋಂದು ನೋಡಬೇಕು. ಮಗು ಗೋಂದನ್ನು ಸುರಿಯುತ್ತದೆ, ದೊಡ್ಡವರು ಮೂಲೆಗೊಂದು ಚುಕ್ಕೆ ಇಡುತ್ತಾರೆ. ಆಮೇಲೆ ಕತ್ತರಿ. ಮಗು ಕತ್ತರಿಸಿದ ಅಂಚು ಎರಡು ಬೆರಳಗಲಕ್ಕೊಮ್ಮೆ ನಿಂತು ನಿಂತು ಹೋಗಿರುತ್ತದೆ. ಮಗುವಿನ ಉಗುರಿನ ಸಂದಿಯನ್ನೂ ನೋಡಬೇಕು, ಬಣ್ಣ ಇರದಿದ್ದರೆ ಕೆಲಸ ಬೇರೆಯವರದು. ಕೊನೆಯದು ನನ್ನದೇ ಆವಿಷ್ಕಾರ: ಗೆರೆಯ ವಾಲು. ಬಲಗೈಯವರು ಗೆರೆ ಎಳೆದು ನೆರಳು ತುಂಬಿದರೆ ಗೆರೆಗಳ ತಲೆ ಬಲಕ್ಕೆ ವಾಲಿರುತ್ತದೆ, ಎಡಗೈಯವರದು ಎಡಕ್ಕೆ. ಈ ಕೊನೆಯದರ ಬಗ್ಗೆ ನನಗೆ ಎಷ್ಟು ಜಂಬ ಎಂದರೆ, ಪೋಷಕರ ಸಭೆಯಲ್ಲಿ ಎದ್ದು ನಿಂತು, "ಮಾಡ್ಕೊಟ್ಟು ಕಳ್ಸಿದ್ರೆ ನಂಗೆ ಗೊತ್ತಾಗುತ್ತೆ" ಎಂದು ಎಲ್ಲವನ್ನೂ ಗೋಂದಿನ ಸಮೇತ ವಿವರಿಸಿದ್ದೆ. ಇಂಥ ಪೆದ್ದಿ ಪೊಲೀಸು ಎಲ್ಲಾದರೂ ಇದ್ದಾಳೆಯೇ?

ನಿವೃತ್ತಿಗೆ ಮೂರು ವರ್ಷ ಇರುವಾಗ ನಾಲ್ಕನೇ ತರಗತಿಗೆ "ನನ್ನ ಬೀದಿ" ಎಂಬ ಪ್ರಾಜೆಕ್ಟ್ ಕೊಟ್ಟೆ. ಮನೆಯಲ್ಲಿ ಸಿಗುವ ಡಬ್ಬ, ರಟ್ಟು, ಬಟ್ಟೆ ಚೂರಿನಲ್ಲಿ ತಮ್ಮ ತಮ್ಮ ಬೀದಿಯನ್ನು ಮಾಡಿ ತರಬೇಕು. ಚೆನ್ನಾಗಿದ್ದ ಒಂದೇ ಒಂದು ಬೀದಿ ಶಾಲೆಯ ಪರವಾಗಿ ಅಂತರಶಾಲಾ ಸ್ಪರ್ಧೆಗೆ ಹೋಗುವುದಿತ್ತು. ಗೆದ್ದ ಮಗುವಿಗೆ ರಾಜಾಜಿನಗರದಲ್ಲಿ ನಡೆಯುವ ಭಾನುವಾರದ ಚಿತ್ರಕಲಾ ತರಗತಿಯಲ್ಲಿ ಒಂದು ವರ್ಷ ಸೀಟು.

ಪವಿತ್ರಾ ಎಂಬ ಹುಡುಗಿ ಪ್ರತಿದಿನ ಬಂದು ಕೇಳುತ್ತಿದ್ದಳು. "ಮಿಸ್, ಆ ಭಾನುವಾರದ ಕ್ಲಾಸಲ್ಲಿ ಜೇಡಿಮಣ್ಣು ಕೊಡ್ತಾರಾ? ದೊಡ್ಡ ಬ್ರಷ್ ಕೊಡ್ತಾರಾ?" ಅವಳ ತಾಯಿ ಜಯಮ್ಮ ಅಲ್ಲೇ ಗಾರ್ಮೆಂಟ್ಸಿನಲ್ಲಿ ಟೈಲರ್. ಹುಡುಗಿಯ ಆಸೆ ಕಂಡು ನನಗೆ ಅಯ್ಯೋ ಅನಿಸುತ್ತಿತ್ತು, ಯಾಕೆಂದರೆ ಕ್ಲಾಸಿನಲ್ಲಿ ಅವಳ ಚಿತ್ರಗಳು ಅಷ್ಟಕ್ಕಷ್ಟೆ. ಗೆರೆ ನಡುಗುತ್ತಿತ್ತು. ಜೊತೆಗೆ ಬರೆಯುವಾಗೆಲ್ಲ ಒಂದು ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದಳು. ಚಾಕಲೇಟೋ ಚೀಟಿಯೋ ಇರಬೇಕೆಂದು ಎರಡು ಸಲ ಆ ಕೈ ಎಳೆದು ತೆರೆಸಿ ನೋಡಿದೆ. ಏನೂ ಇರಲಿಲ್ಲ. ಮುಂಚೆಯೇ ಎಲ್ಲೋ ಎಸೆದಿರಬೇಕು ಎಂದುಕೊಂಡೆ.

ಅವಳು ಬೀದಿ ತಂದ ದಿನ ಅದನ್ನು ಮೇಜಿನ ಮೇಲಿಟ್ಟು ಸುತ್ತ ಎರಡು ಸುತ್ತು ಬಂದೆ. ಬೆಂಕಿಪೊಟ್ಟಣಗಳ ಸಾಲುಮನೆ. ನೂಲು ಮುಗಿದ ಕೋನುಗಳೇ ನೀರಿನ ಟ್ಯಾಂಕುಗಳು. ಹಳೆಯ ಜಿಪ್ಪೊಂದು ಮೋರಿ, ಅರ್ಧ ತೆರೆದಿತ್ತು. ಪ್ರತಿ ಬಾಗಿಲಲ್ಲೂ ಅಂಗಿಯ ಗುಂಡಿಯಷ್ಟೇ ಪುಟ್ಟ ಬಿಂದಿಗೆ. ಕೊನೆಯ ಮನೆಯ ಕಿಟಕಿಯೊಳಗೆ ಬಗ್ಗಿ ನೋಡಿದರೆ ಹೊಲಿಗೆ ಮಿಷನ್ನಿನ ಮುಂದೆ ಕೂತ ಒಬ್ಬಳು ಹೆಂಗಸು. ಶೀಟಿನ ಸೂರುಗಳ ಮೇಲೆಲ್ಲ ಪೆನ್ಸಿಲ್ಲಿನ ಗೆರೆ ಎಳೆದು ನೆರಳು ತುಂಬಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ನೋಡಿರಲಿಲ್ಲ, ಹಾಗಾಗಿ ನಂಬಲಿಲ್ಲ.

ಕನ್ನಡಕ ಏರಿಸಿ ಹತ್ತಿರ ಹೋದೆ. ಗೆರೆಗಳೆಲ್ಲ ಎಡಕ್ಕೆ ವಾಲಿದ್ದವು.

"ಇದನ್ನ ಯಾರು ಮಾಡಿದ್ದು ಪವಿತ್ರಾ?"

"ನಾನೇ ಮಿಸ್."

"ಹೌದಾ? ಹಂಗಾದ್ರೆ ಈ ಸೂರನ್ನ ಇಲ್ಲಿ ಬರ್ದು ತೋರ್ಸು."

ಕ್ಲಾಸಿನ ಎದುರಿಗೆ ಕೂರಿಸಿ ಹಾಳೆ ಕೊಟ್ಟೆ. ಬಲಗೈಯಲ್ಲಿ ಪೆನ್ಸಿಲ್ ಹಿಡಿದಳು. ಗೆರೆ ನಡುಗಿತು, ಬಲಕ್ಕೆ ವಾಲಿತು, ಒಂದು ಕಡೆ ಹಾಳೆ ಹರಿಯಿತು. ಮಕ್ಕಳು ಕಿಸಕ್ಕನೆ ನಕ್ಕರು. ಅವಳು ತಲೆ ಎತ್ತಲಿಲ್ಲ. ಸಿಕ್ಕಿಬಿದ್ದಳು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು.

ನಾನು ಹೇಳಿ ಕಳಿಸಿದ್ದಕ್ಕೆ ಮಾರನೆಯ ದಿನ ಜಯಮ್ಮ ಊಟದ ಬಿಡುವಿನಲ್ಲಿ ಓಡೋಡಿ ಬಂದರು. ಕುತ್ತಿಗೆಯಲ್ಲಿ ಗಾರ್ಮೆಂಟ್ಸಿನ ಐಡಿ ಕಾರ್ಡು, ಕೂದಲಲ್ಲಿ ದಾರದ ಎಳೆ. ಬಂದುಹೋಗುವವರ ಪುಸ್ತಕದಲ್ಲಿ ಸೈನ್ ಮಾಡಿ ಎಂದೆ. ಅವರು ಪೆನ್ನನ್ನು ಎಡಗೈಯಲ್ಲಿ ಹಿಡಿದು ಸೈನ್ ಮಾಡಿದರು. ಇನ್ನೇನು ಬೇಕು ಸಾಕ್ಷಿ?

ಪವಿತ್ರಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೀದಿಯನ್ನು ಮೇಜಿನ ಮೇಲಿಟ್ಟು ಕೇಳಿದೆ. "ನೋಡಿಮ್ಮ, ಸುತ್ತಿ ಬಳಸಿ ಮಾತಾಡಲ್ಲ. ಈ ಗೆರೆ ಎಡಗೈಲಿ ಹಾಕಿರೋದು. ಹೌದೋ ಅಲ್ವೋ?"

ಜಯಮ್ಮನ ಮುಖದ ಬಣ್ಣ ಇಳಿಯಿತು. ಮಗಳ ಕಡೆ ನೋಡಿದರು. "ಹೌದು ಮಿಸ್" ಎಂದರು. "ತಪ್ಪಾಯ್ತು. ಮನೇಲಿ ನಾನೇ ಸಲಿಗೆ ಕೊಟ್ಬಿಟ್ಟೆ. ಇನ್ಮೇಲೆ ಆಗಲ್ಲ."

"ಸಲಿಗೆ ಕೊಟ್ರೆ ಮಕ್ಕಳು ಕಲಿಯೋದ್ ಹೆಂಗೆ?"

"ಹೌದು ಮಿಸ್. ಅವಳಿಗೇನೂ ಅನ್ಬೇಡಿ, ನಂದೇ ತಪ್ಪು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಆ ಸಂಜೆ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ. ಬೆಂಕಿಪೊಟ್ಟಣದ ಬೀದಿಯನ್ನು ಸ್ಟೋರ್ ರೂಮಿನ ಬೀರುವಿನ ಮೇಲೆ ಎತ್ತಿಟ್ಟೆ.

ಸ್ಪರ್ಧೆಗೆ ಕಳಿಸಿದ್ದು ನಿಖಿಲ್ ಎಂಬ ಹುಡುಗನ ಬೀದಿಯನ್ನು. ಗೋಂದು ಧಾರಾಳವಾಗಿ ಸುರಿದಿತ್ತು, ಕತ್ತರಿಯ ಅಂಚು ನಿಂತು ನಿಂತು ಹೋಗಿತ್ತು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಎಲ್ಲ ಪರೀಕ್ಷೆಯಲ್ಲೂ ಪಾಸು. ಬಹುಮಾನ ಬಂತು, ಸೀಟೂ ಸಿಕ್ಕಿತು. ಅವನು ಎರಡು ಭಾನುವಾರ ಹೋದ. ಮೂರನೆಯ ಭಾನುವಾರದಿಂದ ಕ್ರಿಕೆಟ್ಟಿಗೆ ಹೋದ.

ಕೆಲವು ತಿಂಗಳ ಮೇಲೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಿಖಿಲ್‌ನ ಅಪ್ಪ ಸಿಕ್ಕರು. ನಾಯಂಡಹಳ್ಳಿಯಲ್ಲಿ ಅವರದು ಮರಗೆಲಸದ ವರ್ಕ್‌ಶಾಪು. ಬಾಯ್ತುಂಬ ನಗುತ್ತಾ, "ಮಿಸ್, ಈಗ ಹೇಳ್ಬೋದಲ್ವಾ, ಎಲ್ಲಾ ಮುಗೀತಲ್ಲ" ಎಂದರು. "ಕಟಿಂಗ್ ಎಲ್ಲಾ ನಮ್ ಮಿಷನ್ನಲ್ಲೇ ಆಗೋಗಿತ್ತು. ನೀವು ಮೀಟಿಂಗಲ್ಲಿ ಹೇಳಿದ್ರಲ್ಲ, ಅದಕ್ಕೇ ಅಂಚನ್ನ ಮತ್ತೆ ಸೊಟ್ಟ ಮಾಡಿದ್ವಿ. ಗೋಂದು ಸುರಿಯೋದಕ್ಕೆ ಮಾತ್ರ ನಂಗೆ ಮನಸೇ ಬರ್ಲಿಲ್ಲ ನೋಡಿ, ಆದ್ರೂ ಸುರಿದೆ. ಉಗುರಿಗೆ ಬಣ್ಣ ನಮ್ ಮನೆಯವಳ ಐಡಿಯಾ."

ನಾನು ಚಾಪೆ ಕೆಳಗೆ ತೂರಿದ್ದೆ, ಅವರು ರಂಗೋಲಿ ಕೆಳಗೆ ತೂರಿದ್ದರು. ಕೋಪ ಬಂತು, ನಗುವೂ ಬಂತು. ಮನೆಗೆ ಬರುವಾಗ ಬಸ್ಸಿನಲ್ಲಿ ಇನ್ನೊಂದು ಯೋಚನೆ ಬಂದು ನಗು ನಿಂತಿತು. ನನ್ನ ಪರೀಕ್ಷೆ ಸುಳ್ಳನ್ನು ಪಾಸು ಮಾಡುತ್ತದೆ ಎಂದಾದರೆ, ಅದು ಫೇಲು ಮಾಡಿದ್ದೇನು?

ಆ ವಾರದಿಂದ ಪವಿತ್ರಾಳನ್ನು ಗಮನಿಸತೊಡಗಿದೆ. ಕೇಳಲು ಬಾಯಿ ಬರಲಿಲ್ಲ. ಅವಳು ಆಗ ಏನನ್ನೂ ಕೇಳುತ್ತಿರಲಿಲ್ಲ, ಹೇಳಿದಷ್ಟು ಮಾಡಿ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಜೇಡಿಮಣ್ಣು ತರಿಸಿದೆ. ಮಣ್ಣಿನ ಕೆಲಸದಲ್ಲಿ ಎರಡು ಕೈಯೂ ಬೇಕು, ಮಕ್ಕಳು ಮೈಮರೆಯುತ್ತಾರೆ. ಮನೆ ಮಾಡಿ ಎಂದು ಹೇಳಿ, ಹಲ್ಲು ಮುರಿದ ಬಾಚಣಿಗೆಗಳನ್ನು ಹಂಚಿ, ಕ್ಲಾಸಿನ ಹಿಂದೆ ಹೋಗಿ ನಿಂತೆ.

ಪವಿತ್ರಾ ಮಣ್ಣು ತಟ್ಟಿದಳು, ಗೋಡೆ ಎಬ್ಬಿಸಿದಳು, ಸೂರು ಹೊದಿಸಿದಳು. ಆಮೇಲೆ ಬಾಚಣಿಗೆಯನ್ನು ಎಡಗೈಗೆ ತೆಗೆದುಕೊಂಡು ಸೂರಿನ ಮೇಲೆ ಗೆರೆ ಕೊರೆದಳು. ಒಂದು ಗೆರೆಯೂ ನಡುಗಲಿಲ್ಲ. ಎಲ್ಲವೂ ಎಡಕ್ಕೆ ವಾಲಿದ್ದವು, ಬೆಂಕಿಪೊಟ್ಟಣದ ಬೀದಿಯಲ್ಲಿದ್ದ ಹಾಗೇ.

ನನ್ನ ನೆರಳು ಬಿತ್ತೇನೋ, ಗಕ್ಕನೆ ನಿಲ್ಲಿಸಿದಳು. ಬಾಚಣಿಗೆ ಬಲಗೈಗೆ ಹೋಯಿತು. ಎಡಗೈ, ಮಣ್ಣು ಮೆತ್ತಿದ್ದ ಹಾಗೇ, ತೊಡೆಯ ಕೆಳಗೆ ಹೋಯಿತು.

"ಯಾಕಮ್ಮಾ, ಕೈ ಕೆಳಗಿಟ್ಕೊಂಡೆ?" ಎಂದೆ.

"ನೀವೇ ಹೇಳಿದ್ರಲ್ಲ ಮಿಸ್."

"ನಾನಾ? ಯಾವಾಗ?"

"ಒಂದನೇ ಕ್ಲಾಸಲ್ಲಿ. ಅಕ್ಷರ ತಿದ್ದಿಸ್ವಾಗ. ಆ ಕೈ ಮೇಲೆ ಕೂತ್ಕೋ, ಅದು ನಿದ್ದೆ ಮಾಡ್ಲಿ ಅಂತ."

ವಿಮಲಮ್ಮನವರ ಉಪಾಯ. ಎಡಗೈ ಮಗುವಿಗೆ ಬೈಯಬೇಡ, ಹೊಡೆಯಬೇಡ, ಆ ಕೈಯನ್ನು ಮಲಗಿಸಿಬಿಡು. ಊಟ ಮಾಡುವ ಕೈಯಲ್ಲೇ ಬರೆಯಬೇಕು, ಎಡಗೈಯಲ್ಲಿ ಕೊಟ್ಟರೆ ಯಾರು ತೆಗೆದುಕೊಳ್ಳುತ್ತಾರೆ ಎಂದು ನಂಬಿದ್ದ ಕಾಲ. ಪ್ರತಿ ಜೂನಿನಲ್ಲಿ ಒಬ್ಬಿಬ್ಬರಿಗೆ ಆ ಮಾತು ಹೇಳುತ್ತಿದ್ದೆ, ಜುಲೈ ಹೊತ್ತಿಗೆ ಮರೆಯುತ್ತಿದ್ದೆ. ಯಾರ ಕೈಗಳನ್ನು ಮಲಗಿಸಿದೆ ಎಂದು ಈಗ ಒಂದು ಹೆಸರೂ ನೆನಪಿಲ್ಲ.

ಸಂಜೆ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ಕಾದೆ. ಜಯಮ್ಮ ನನ್ನನ್ನು ಕಂಡ ಕೂಡಲೇ ಹೆದರಿದರು. "ಮತ್ತೆ ಎಡಗೈಲಿ ಬರೆದ್ಲಾ ಮಿಸ್?"

"ಅಲ್ಲಮ್ಮ, ಅವತ್ತು ನೀವು ತಪ್ಪಾಯ್ತು ಅಂದಿದ್ದು ಯಾವುದಕ್ಕೆ? ಬೀದಿ ಮಾಡ್ಕೊಟ್ಟಿದ್ದು ನೀವೇ ಅಂತಲ್ವಾ?"

"ನಾನಾ? ನಂಗೆಲ್ಲಿ ಮಿಸ್ ಟೈಮು! ನಾನು ಮನೆಗ್ ಹೋಗೋ ಹೊತ್ಗೆ ಅನ್ನಕ್ಕೂ ಅವಳೇ ಇಟ್ಟಿರ್ತಾಳೆ. ಎಡಗೈ ಎಡಗೈ ಅಂತ ನೀವು ಹಿಡ್ಕೊಂಡ್ರಲ್ಲ, ಅದಕ್ಕೆ ತಪ್ಪಾಯ್ತು ಅಂದೆ. ಈ ಕೈಗೆ ನಾನೂ ಸ್ಕೂಲಲ್ಲಿ ಏಟು ತಿಂದಿದೀನಿ, ಅದಕ್ಕೇ ಏಳನೇ ಕ್ಲಾಸಿಗೆ ಬಿಟ್ಟಿದ್ದು. ಮನೇಲಾದ್ರೂ ಯಾವ್ ಕೈ ಬೇಕೋ ಆಡಿಸ್ಕೊಳ್ಳಿ ಅಂತ ಬಿಟ್ಟಿದ್ದೆ. ನೀವು ಹೇಳಿದ್ಮೇಲೆ ಅದನ್ನೂ ನಿಲ್ಸಿದೀನಿ ಮಿಸ್."

ಅಲ್ಲೇ ಮಾಗಡಿ ರಸ್ತೆಯ ಬಸ್ಸುಗಳ ಗದ್ದಲದಲ್ಲಿ ನಿಂತು ಅತ್ತುಬಿಟ್ಟೆ. ಜಯಮ್ಮ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ಎಡಗೈಯಲ್ಲಿ ಹಿಡಿದಿದ್ದೇನೆ ಎಂದು ಹೊಳೆದು ತಕ್ಷಣ ಬಿಟ್ಟರು.

ಕೀರ್ತನಾ, ನಿನ್ನ ಕ್ಲಾಸಿನ ಮಕ್ಕಳು ಇನ್ನು ಫೋನಿಗೆ ಹೇಳಿ ಚಿತ್ರ ಬರೆಸಿಕೊಂಡು ತರುತ್ತಾರಂತೆ. ನೀನೂ ಅನುಮಾನ ಪಡದೆ ಇರಲಾರೆ. ಪಡು. ಆದರೆ ಗೋಂದು, ಕತ್ತರಿ, ಉಗುರು ನೋಡುವ ಮುಂಚೆ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಂಗ್ ಮಾಡಿದೆ ಹೇಳು ಎಂದು ಒಂದು ಮಾತು ಕೇಳು. ನಾನು "ಯಾರು ಮಾಡಿದ್ದು" ಎಂದು ಮಾತ್ರ ಕೇಳಿದೆ. "ಹೆಂಗೆ" ಎಂದು ಕೇಳಿದ್ದರೆ ಆ ಹುಡುಗಿ ಜಿಪ್ಪಿನಿಂದ ಹಿಡಿದು ಬಿಂದಿಗೆಯವರೆಗೆ ಒಂದು ಗಂಟೆ ಹೇಳುತ್ತಿದ್ದಳು.

ಜಯಮ್ಮನ ಜೊತೆ ಮಾತಾಡಿದ ಮಾರನೆಯ ದಿನ ಬೆಳಗ್ಗೆ ಬೀರುವಿನ ಮೇಲಿಂದ ಬೀದಿಯನ್ನು ಇಳಿಸಿದೆ. ಮೇಲೆ ಯಾರೋ ಚಾರ್ಟಿನ ಕಟ್ಟು ಹೇರಿದ್ದರು. ಮೂರು ಮನೆ ಚಪ್ಪಟೆಯಾಗಿತ್ತು, ಟ್ಯಾಂಕುಗಳು ಉರುಳಿದ್ದವು. ಕೊನೆಯ ಮನೆಯ ಹೆಂಗಸು ಮಿಷನ್ನಿನ ಮುಂದೆ ಹಾಗೇ ಕೂತಿದ್ದಳು. ಧೂಳು ಊದಿ ಕ್ಲಾಸಿಗೆ ತಂದು ನನ್ನ ಮೇಜಿನ ಮೇಲಿಟ್ಟೆ. ಎಲ್ಲ ಮಕ್ಕಳ ಎದುರಿಗೆ, "ಇದನ್ನ ಮಾಡಿದ್ದು ಪವಿತ್ರಾನೇ. ನಾನು ಸುಳ್ಳು ಅಂದಿದ್ದೆ, ನಂದೇ ತಪ್ಪು" ಎಂದೆ. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ, ಚಪ್ಪಾಳೆ ತಟ್ಟಿದರು. ಪವಿತ್ರಾಳನ್ನು ಕರೆದು ನನ್ನ ಕುರ್ಚಿಯಲ್ಲೇ ಕೂರಿಸಿದೆ. ಹೊಸ ರಟ್ಟು, ಗೋಂದು, ಪೆನ್ಸಿಲ್ ಮುಂದಿಟ್ಟೆ.

"ಮುರಿದಿರೋ ಮನೆಗಳಿಗೆ ಹೊಸ ಸೂರು ಬರಿತೀಯಾ ಕಂದಾ?"

ಅವಳು ಪೆನ್ಸಿಲ್ ನೋಡಿದಳು. "ಯಾವ್ ಕೈಲಿ ಮಿಸ್?"

"ನಿಂಗೆ ಯಾವ್ ಕೈ ಬೇಕೋ ಆ ಕೈಲಿ. ನಾನು ಏನೂ ಅನ್ನಲ್ಲ."

ಅವಳು ತಕ್ಷಣ ಪೆನ್ಸಿಲ್ ಮುಟ್ಟಲಿಲ್ಲ. ಗೋಂದನ್ನು ನೋಡಿದಳು, ರಟ್ಟಿನ ಅಂಚನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. ಆಮೇಲೆ ಕತ್ತೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳನ್ನು ನಾನು ನೋಡಿದ್ದು ಹಾಗೆಯೇ.

ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡಳು. ಬಲಗೈಯಲ್ಲಿ ಪೆನ್ಸಿಲ್ ತೆಗೆದುಕೊಂಡಳು.